ಅರ್ಧ ಸುಂಕ

"ಅರ್ಧ ಸುಂಕ ಬಾವನೇ ಕೊಡಲಿ ಅಕ್ಕ. ನಮ್ಮ ಈ ಅಧ್ಯಕ್ಷ ಹೊರಗಿನ ಮಾಲಿಗೆಲ್ಲ ಹೀಗೆ ಸುಂಕ ಜಡಿಯುತ್ತಾನೆ ಅಂತ ಓಟು ಹಾಕಿದ ನಮಗೇ ಗೊತ್ತಿರಲಿಲ್ಲ." ಅಮೆರಿಕದಿಂದ ತಮ್ಮ ಸುಮಿತ್ ಸ್ಪೀಕರ್ ಫೋನಿನಲ್ಲಿ ಅಲವತ್ತುಕೊಂಡ. ಕೊಲ್ಲಿ ದೇಶದ ನೈಫ್ ಪೇಟೆಯ ಅಂಗಡಿಯಲ್ಲಿ, ಅವನಿಗೇ ಕಳಿಸಬೇಕಾದ ಬೆಡ್‌ಶೀಟುಗಳ ಪೆಟ್ಟಿಗೆಗೆ ಟೇಪು ಹಚ್ಚುತ್ತಿದ್ದ ಲೋಲಾಕ್ಷಿಯ ಕೈ ಆ ಮಾತಿಗೆ ನಿಂತಿತು. ಪಕ್ಕದಲ್ಲಿ ಗಂಡ ಧರ್ಮಪಾಲ ಆಗಲೇ ಕರಗಿ, ಒಪ್ಪಿಕೋ ಎಂಬಂತೆ ತಲೆಯಾಡಿಸುತ್ತಿದ್ದ.

ಅಲ್ಲಿನ ಚುನಾವಣೆಗೆ ಮುಂಚೆ ಇದೇ ಸುಮಿತ್ ಬೆನ್ನುಬಿದ್ದು ಎರಡು ವರ್ಷದ ಮಾಲು ಒಟ್ಟಿಗೇ ತರಿಸಿಕೊಂಡಿದ್ದ. ಆ ಪೆಟ್ಟಿಗೆಗಳನ್ನು ಕಟ್ಟಿದ್ದೂ ಲೋಲಾಕ್ಷಿಯೇ; ಅದು ಮುಗಿದ ಮೇಲಿನ ಮೊದಲ ಆರ್ಡರು ಇದು.

"ಗೊತ್ತಿಲ್ಲದವ ಓಟಿಗೆ ಮೊದಲೇ ಗೋಡೌನ್ ತುಂಬಿಸಿದ್ದು ಯಾಕೆ ಮಾರಾಯ?" ಎಂದಳು.

"ಫೋನು ಬಾವನಿಗೆ ಕೊಡು," ಎಂದ ಸುಮಿತ್.

ಲೋಲಾಕ್ಷಿ ಫೋನು ಚಾಚಿದಳು. ಧರ್ಮಪಾಲ ತೆಗೆದುಕೊಳ್ಳಲಿಲ್ಲ. ಅವಳು ಹಚ್ಚಿದ್ದ ಟೇಪನ್ನು ಕಿತ್ತು, ಪೆಟ್ಟಿಗೆಯ ಬಾಯಿ ತೆರೆದು, ಬೆಡ್‌ಶೀಟುಗಳನ್ನು ಹೊರಗೆ ತೆಗೆದ.