ಹೊಸ ಬಿಲ್ಡಿಂಗ್

ಹಳೆಯ ಅಂಕಪಟ್ಟಿಗಳ ಕಟ್ಟಿಗೆ ದಾರ ಸುತ್ತಿ ಸೆಲೀನ್ ಎರಡನೇ ಗಂಟು ಹಾಕುತ್ತಿದ್ದಳು. ಇಬ್ಬರು ಕೆಲಸದವರೊಂದಿಗೆ ಬಂದ ಜನಾರ್ದನ ಮೇಜಿನ ಆ ತುದಿಯನ್ನು ಎತ್ತಿಯೇಬಿಟ್ಟ. ಕಟ್ಟು ಜಾರಿ ಅವಳ ಮಡಿಲಿಗೆ ಬಿತ್ತು.

"ಎಂತ ಜನಾರ್ದನಣ್ಣ, ಹೇಳಿ ಎತ್ತಬಾರದಾ?"

"ಆರ್ಡರ್ ಉಂಟು ಬಾಯಮ್ಮ." ಅವನು ಕಿಸೆಯಿಂದ ಕಾಗದ ತೆಗೆದ. ದಾಖಲೆ ವಿಭಾಗದ ಮೇಜು, ಕಪಾಟು, ಸಿಬ್ಬಂದಿ ಎಲ್ಲವನ್ನೂ ಇಂದೇ ಹೊಸ ಕಟ್ಟಡಕ್ಕೆ ಸ್ಥಳಾಂತರಿಸುವುದು. ಕೆಳಗೆ ಅನಂತೇಶರ ಸಹಿ. ವಿಶ್ವವಿದ್ಯಾಲಯದ ಕಟ್ಟಡಗಳನ್ನು ನೋಡಿಕೊಳ್ಳಲು ಅವರು ತುಮಕೂರಿನಿಂದ ಬಂದು ಎರಡೇ ತಿಂಗಳಾಗಿತ್ತು. "ಸಿಬ್ಬಂದಿ ಎಂದರೆ ನೀವು. ನಡೆದು ಬರುತ್ತೀರಾ, ಹೊತ್ತುಕೊಳ್ಳಬೇಕಾ?"

ಸೆಲೀನಳಿಗೆ ನಗು ಬರಲಿಲ್ಲ. ಮೈದಾನದಾಚೆಯ ಆರು ಮಹಡಿಯ ಗಾಜಿನ ಕಟ್ಟಡದಲ್ಲಿ ತೆರೆಯುವ ಕಿಟಕಿ ಒಂದೂ ಇಲ್ಲ. ಮೊದಲೇ ಅಲ್ಲಿಗೆ ಹೋದ ಲೆಕ್ಕಪತ್ರ ವಿಭಾಗದ ರಮಾಮಣಿ ಉಪ್ಪಿನಕಾಯಿಯ ಮುಚ್ಚಳ ತೆಗೆದದ್ದಕ್ಕೆ ನಾಲ್ಕನೇ ಮಹಡಿಯಿಂದ ದೂರು ಬಂದಿತ್ತಂತೆ. ಇನ್ನು ತನ್ನ ಬುತ್ತಿಯ ಬಂಗುಡೆ ಮೀನಿನ ಗತಿ? ಒಂದು ವಾರದಿಂದ ಸೆಲೀನ್ ಅಭ್ಯಾಸಕ್ಕೆಂದು ತೊಂಡೆಕಾಯಿ ಪಲ್ಯ ತರುತ್ತಿದ್ದಳು. ಈ ಕೆಂಪುಕಲ್ಲಿನ ಕೋಣೆಯಲ್ಲಾದರೆ ಮರದ ಕಿಟಕಿ ಉಂಟು. ಕಲ್ಯಾಣಪುರದ ಮನೆಯಲ್ಲಿ ಸೊಳ್ಳೆ ಎಂದು ಗಂಡ ಆಂಟನಿ ಕಿಟಕಿ ಮುಚ್ಚುತ್ತಿದ್ದ, ಧೂಳೆಂದು ಅತ್ತೆ ಮುಚ್ಚುತ್ತಿದ್ದರು. ಯಾರನ್ನೂ ಕೇಳದೆ ತೆರೆಯಲು ಇಪ್ಪತ್ತಾರು ವರ್ಷಗಳಿಂದ ಅವಳಿಗಿದ್ದದ್ದು ಇದೊಂದೇ.

ಮೇಜು, ಕಪಾಟು ಟೆಂಪೋ ಏರಿದವು. ಬುತ್ತಿ ಹಿಡಿದು ಅವಳು ಜಗಲಿಯಲ್ಲಿ ನಿಂತಳು. ಟೆಂಪೋ ಮೈದಾನಕ್ಕೆ ಒಂದು ಸುತ್ತು ಬಂದು ಅದೇ ಮೆಟ್ಟಿಲ ಮುಂದೆ ನಿಂತಿತು. ಮೇಜು ಇಳಿದು ಒಳಗೆ ಹೋಯಿತು. ನೆಲದ ಮೇಲೆ ಅದರದೇ ಕಾಲಿನ ನಾಲ್ಕು ಗುರುತುಗಳಲ್ಲಿ ಸರಿಯಾಗಿ ಕೂತಿತು.

"ಇಲ್ಲಿಂದ ಇಲ್ಲಿಗೇ ಎಂತಕ್ಕೆ ಎಂದು ನನಗೂ ಅನಿಸಿತು," ಜನಾರ್ದನ ಬೆವರು ಒರೆಸಿಕೊಂಡ. "ಫೋನ್ ಮಾಡಿ ಕೇಳಿದೆ. 'ಹೊಸ ಕಟ್ಟಡ ಅಂದ್ರೆ ಹೊಸ ಕಟ್ಟಡ ಕಣ್ರೀ, ತಲೆ ಓಡಿಸ್ಬೇಡಿ' ಎಂದರು. ನಾನು ಟೆಂಪೋ ಮಾತ್ರ ಓಡಿಸಿದೆ."

ಸೆಲೀನಳಿಗೆ ಆಗ ಹೊಳೆಯಿತು. ಅರವತ್ತು ವರ್ಷದ ಹಿಂದೆ ಈ ಕೆಂಪುಕಲ್ಲಿನ ಕಟ್ಟಡ ಎದ್ದಾಗ ಜನ ಇದನ್ನು ಹೊಸ ಬಿಲ್ಡಿಂಗ್ ಎಂದರು. ಹೆಸರು ಇವತ್ತಿಗೂ ಹಾಗೇ ಉಂಟು. ಇದಕ್ಕಿಂತ ಮೊದಲಿನ ಹಳೆ ಬಿಲ್ಡಿಂಗನ್ನು ಕೆಡವಿ ಆ ಜಾಗದಲ್ಲಿ ಗಾಜಿನದ್ದು ಕಟ್ಟಿದ್ದರಿಂದ, ಗಾಜಿನದ್ದು ಹಳೆ ಬಿಲ್ಡಿಂಗ್. ರಿಕ್ಷಾದವರಿಗೂ ಇದು ಗೊತ್ತು. ತುಮಕೂರಿನವರಿಗೆ ಹೇಗೆ ಗೊತ್ತಾಗಬೇಕು?

ಅವಳು ಏನೋ ಹೇಳಹೊರಟಳು. ಅಷ್ಟರಲ್ಲಿ ಜನಾರ್ದನ ಜಗಲಿಯಲ್ಲಿ ಗೋಡೆಗೊರಗಿಸಿಟ್ಟಿದ್ದ ಹೊಸ ಬೋರ್ಡನ್ನು ತೋರಿಸಿದ. "ಪಾರಂಪರಿಕ ಕಟ್ಟಡ. ಇದನ್ನೂ ಇವತ್ತೇ ಹಾಕಬೇಕಂತೆ. ಪಾರಂಪರಿಕ ಎಂದರೆ ಎಂತ ಬಾಯಮ್ಮ?"

ಸೆಲೀನ್ ಬೋರ್ಡನ್ನು ನೋಡಿದಳು, ಕೈಯಲ್ಲಿದ್ದ ಬುತ್ತಿಯನ್ನು ನೋಡಿದಳು.

"ಹಳೆಯದು ಎಂದು."

"ಹಾಗೆ ಹೇಳಿ ಮತ್ತೆ! ಹಳೆ ಬಿಲ್ಡಿಂಗಿಗೆ ಅಲ್ವಾ?" ಅವನು ಬೋರ್ಡನ್ನು ಹೆಗಲಿಗೇರಿಸಿದ. "ಇಲ್ಲೊಂದು ಸಹಿ ಹಾಕಿಬಿಡಿ."

'ಸಾಮಾನು ಹೊಸ ಕಟ್ಟಡದಲ್ಲಿ ಸ್ವೀಕರಿಸಲಾಗಿದೆ' ಎಂಬ ಸಾಲಿನ ಕೆಳಗೆ ಸೆಲೀನ್ ನಿಧಾನವಾಗಿ ಸಹಿ ಹಾಕಿದಳು. ಶನಿವಾರ ಇಗರ್ಜಿಯಲ್ಲಿ ಪಾಪನಿವೇದನೆಗೆ ಹೋಗುವುದಿತ್ತು. ಆಡಿದ ಮಾತುಗಳಲ್ಲಿ ಸುಳ್ಳು ಯಾವುದೆಂದು ಮೊದಲಿನಿಂದ ಹುಡುಕಿದಳು. ಒಂದೂ ಸಿಗಲಿಲ್ಲ.

ಕಿಟಕಿಯ ಎರಡೂ ಬಾಗಿಲು ತೆರೆದಳು. ಮೈದಾನದಾಚೆ ಏಣಿ ಹತ್ತಿದ್ದ ಜನಾರ್ದನ ಗಾಜಿಗೆ ಮೊಳೆ ಹೊಡೆಯುವುದು ಹೇಗೆಂದು ಕಾವಲುಗಾರನನ್ನು ಕೂಗಿ ಕೇಳುತ್ತಿದ್ದ. ಸೆಲೀನ್ ಬುತ್ತಿ ಬಿಚ್ಚಿ ತೊಂಡೆಕಾಯಿ ಪಲ್ಯವನ್ನು ಒಮ್ಮೆ ನೋಡಿ ಮುಚ್ಚಿದಳು.

ನಾಳೆ ಬಂಗುಡೆ.