ಪಾರ್ಕಿನ ರೇಡಿಯೊ

ಪಾರ್ಕಿನ ನೂರನೇ ವರ್ಷದ ಹಬ್ಬಕ್ಕೆಂದು ರಿಪೇರಿ ಮಾಡಿಸಿದ್ದ ಹಳೆಯ ರೇಡಿಯೊ ಗೊರಗೊರ ಸದ್ದು ಮಾಡಿ ಹಾಡತೊಡಗಿದ್ದೇ ತಡ, ಮುಂದಿನ ಸಾಲಿನಲ್ಲಿ ಚಡಪಡಿಸುತ್ತ ಕೂತಿದ್ದ ಹುಲಿಯಪ್ಪ ದಿಗ್ಗನೆ ಎದ್ದ. ಊರಿನ ಹಿರಿಯನೆಂದು ಆಗಷ್ಟೇ ಹೊದಿಸಿದ್ದ ಸನ್ಮಾನದ ಶಾಲು ಜಾರಿಬಿದ್ದದ್ದೂ ಅವನಿಗೆ ಗೊತ್ತಾಗಲಿಲ್ಲ. ಸರಸರನೆ ಗೇಟು ದಾಟಿ ರಸ್ತೆಗೆ ಹೋದವನೇ ಬೇಲಿಯ ಕಬ್ಬಿಣದ ಸರಳುಗಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಬೆನ್ನ ಹಿಂದೆ ವರದಹಳ್ಳಿ ಬಸ್ಸು ಹಾರ್ನ್ ಹೊಡೆದರೂ ಕದಲಲಿಲ್ಲ.

ಮೊಮ್ಮಗಳು ಬಿಂದು ಓಡಿಬಂದಳು. "ಎಂತಾಯ್ತಜ್ಜ? ಒಳಗೆ ಬಾ, ಎಲ್ರೂ ನೋಡ್ತಿದಾರೆ."

"ನೋಡ್ಲಿ ಬಿಡು." ಅವನ ಕಣ್ಣು ಮತ್ತೆ ಮತ್ತೆ ಗೇಟಿನತ್ತ ಹೊರಳುತ್ತಿತ್ತು. "ಹುಡುಗ ಇದ್ದಾಗ ನಮ್ಮ ಕೇರಿಯೋರನ್ನ ಒಳಗೆ ಬಿಡ್ತಿರ್ಲಿಲ್ಲ. ಈ ರೇಡಿಯೊನ ಇಲ್ಲೇ ನಿಂತು ಕೇಳ್ತಿದ್ದೆ. ಹಾಡು ಅರ್ಧ ಆಗೋದ್ರೊಳಗೆ ವಾಚ್‌ಮನ್ ದೊಣ್ಣೆ ಹಿಡ್ಕೊಂಡು ಬಂದು ಓಡಿಸ್ತಿದ್ದ."

"ಈಗ ಯಾರು ಓಡಿಸ್ತಾರಜ್ಜ?"

"ಅದ್ಕೇ ಮಗಾ." ಹುಲಿಯಪ್ಪ ಸರಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. "ಇವತ್ತು ಇಲ್ಲೇ ನಿಂತು ಪೂರ್ತಿ ಕೇಳ್ತೀನಿ."