ಎರಡನೇ ಒಲೆ

ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಸೊಸೆ ಅದನ್ನು ಅಲ್ಲಿಗೇ ಬಿಟ್ಟು, ಮೂಲೆಯ ಸೀಮೆಎಣ್ಣೆ ಸ್ಟೌ ಹೊತ್ತಿಸಿ ಬರೀ ನೀರಿನ ಪಾತ್ರೆ ಇಟ್ಟು ಮುಚ್ಚಿದಳು. ಪೇಟೆ ನಡುವಿನ ಆ ವಠಾರ ಕೆಡವಿ ಮಳಿಗೆ ಕಟ್ಟುವವರು ಒಲೆ ಎಣಿಸಿ ಬದಲಿ ಮನೆ ಬರೆಯುತ್ತಿದ್ದರು. ಒಂದು ಒಲೆಗೆ ಒಂದು ಮನೆ. ಸುಳ್ಳು ಸಿಕ್ಕಿಬಿದ್ದರೆ ಒಂದೂ ಇಲ್ಲ.

"ಅತ್ತೆ, ಬೇರೆಯಾಗಿ ಮೂರು ವರ್ಷ ಆಯ್ತು ಅನ್ನಿ. ಅಷ್ಟೇ," ಎಂದಳು.

ಗಣತಿಯವನು ಹೊಸ್ತಿಲು ದಾಟಿ ಬಂದ. "ಒಂದೇ ರೂಮಲ್ಲಿ ಎರಡು ಸಂಸಾರಾನಾ, ಅಜ್ಜಿ?"

"ಮೂರು ವರ್ಷ ಆಯ್ತು ಸ್ವಾಮಿ," ಎಂದ ಅತ್ತೆ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಜ್ವರ ಬಂದು ಮಲಗಿದ್ರೂ ಗಂಜಿ ಬೇಕಾ ಅಂತ ಕೇಳಲ್ಲ ಇವಳು. ಎರಡನೇ ಸಲ ಅನ್ನ ಕೇಳಿದ್ರೆ ಪಾತ್ರೆ ಕುಕ್ತಾಳೆ."

ಅವನು ಸ್ಟೌ ಮೇಲಿನ ಮುಚ್ಚಳಕ್ಕೆ ಕೈ ಚಾಚಿದ. ಆದರೆ ಮುದುಕಿಯ ಕಣ್ಣೀರು ಕಂಡು ಅವನು ಕೈ ಹಿಂದಕ್ಕೆ ತೆಗೆದುಕೊಂಡ. 'ಎರಡು' ಎಂದು ಬರೆದುಕೊಂಡು ಹೊರಟುಹೋದ.

ಸೊಸೆಗೆ ಹೋದ ಜೀವ ಬಂದಂತಾಯಿತು. "ಅಬ್ಬಾ, ಎಂಥಾ ನಾಟಕ ಆಡಿದ್ರಿ ಅತ್ತೆ!" ಎಂದು ನಗುತ್ತಾ ಸ್ಟೌ ಆರಿಸಲು ಬಗ್ಗಿದಳು.

"ಆರಿಸ್ಬೇಡ," ಎಂದಳು ಅತ್ತೆ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ. "ನನ್ನ ಪಾಲಿನ ಅಕ್ಕಿ ಕೊಡು."